ವಿಂಡೋಸ್ ಅಪ್‌ಡೇಟ್ ವಿಫಲವಾದಾಗ: ಮನೆಯ ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ವರ್ತಕರು ಗಮನಿಸಬೇಕಾದ ಸಂಗತಿಗಳು

ಪ್ರತಿ ತಿಂಗಳ ಎರಡನೆಯ ಮಂಗಳವಾರದಂದು ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ ಕಾರ್ಯಾಚರಣ ವ್ಯವಸ್ಥೆಯ ಭದ್ರತಾ ತಿದ್ದುಪಡಿಗಳನ್ನು ಬಿಡುಗಡೆ ಮಾಡುತ್ತದೆ. 2003ರ ಅಕ್ಟೋಬರ್ ತಿಂಗಳಿನಿಂದ ಈ ಪದ್ಧತಿ ನಡೆದುಬಂದಿದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಗಿನ ಹತ್ತು ಗಂಟೆಗೆ ಇವು ಹೊರಬೀಳುವಾಗ ಭಾರತದಲ್ಲಿ ಋತುಮಾನಕ್ಕೆ ತಕ್ಕಂತೆ ರಾತ್ರಿ ಹತ್ತೂವರೆ ಅಥವಾ ಹನ್ನೊಂದೂವರೆ ಆಗಿರುತ್ತದೆ. ಅಂದರೆ ವರ್ತಕರ ಕಂಪ್ಯೂಟರಿಗೆ ಅವು ಬಂದಿಳಿಯುವುದು ಸಾಮಾನ್ಯವಾಗಿ ಬುಧವಾರ. ಎರಡನೆಯ ಮಂಗಳವಾರವು ಯಾವ ತಿಂಗಳಲ್ಲಾದರೂ 8ರಿಂದ 14ನೆಯ ತಾರೀಖಿನೊಳಗೇ ಬೀಳಬೇಕು. ಜಿಎಸ್‌ಟಿಆರ್-1 ವಿವರಪಟ್ಟಿಗೆ ಕೊನೆಯ ದಿನ 11. ತ್ರೈಮಾಸಿಕ ಯೋಜನೆಯಲ್ಲಿರುವವರ ಇನ್‌ವಾಯ್ಸ್ ವಿವರಗಳಿಗೆ 13. ಖರೀದಿದಾರನ ಜಿಎಸ್‌ಟಿಆರ್-2ಬಿ ಸಿದ್ಧವಾಗುವುದು 14ರಂದು. ಭವಿಷ್ಯನಿಧಿ ಹಾಗೂ ಇಎಸ್‌ಐ ವಂತಿಗೆಗೆ 15. ಮಾಸಿಕ ಜಿಎಸ್‌ಟಿಆರ್-3ಬಿಗೆ 20. ಕಂಪ್ಯೂಟರ್ ಕೈಕೊಡುವುದಕ್ಕೆ ಇದಕ್ಕಿಂತ ಅನನುಕೂಲವಾದ ವಾರ ಹುಡುಕಿದರೂ ಸಿಗಲಾರದು.

ಸಣ್ಣ ವರ್ತಕರು ಹಾಗೂ ಕಿರು ಉದ್ಯಮಿಗಳಲ್ಲಿ ಅನೇಕರಿಗೆ ಕಚೇರಿಯ ಕಂಪ್ಯೂಟರ್ ಎಂಬ ಪ್ರತ್ಯೇಕ ವಸ್ತುವೇ ಇರುವುದಿಲ್ಲ. ಮನೆಯ ನಡುಕೋಣೆಯ ಮೇಜಿನ ಮೇಲಿರುವ ಯಂತ್ರದಲ್ಲಿಯೇ ಹಗಲು ಮಕ್ಕಳ ಪಾಠ, ರಾತ್ರಿ ಅಂಗಡಿಯ ಲೆಕ್ಕ. ಅದೇ ಯಂತ್ರದಲ್ಲಿ ಖಾತೆಪುಸ್ತಕ, ದಾಸ್ತಾನು ಪಟ್ಟಿ, ಸಾಲಗಾರರ ಬಾಕಿ, ಹಿಂದಿನ ವರ್ಷಗಳ ವಿವರಪಟ್ಟಿಗಳು, ಬ್ಯಾಂಕಿನ ಪಾಸ್‌ವರ್ಡುಗಳು ಎಲ್ಲವೂ ಇರುತ್ತವೆ. ಇಂತಹ ಯಂತ್ರವು ಒಂದು ಬೆಳಿಗ್ಗೆ 'ಬದಲಾವಣೆಗಳನ್ನು ಹಿಂತೆಗೆಯಲಾಗುತ್ತಿದೆ' ಎಂಬ ಅರ್ಥದ ಇಂಗ್ಲಿಷ್ ವಾಕ್ಯವನ್ನು ತೋರಿಸುತ್ತ ಕುಳಿತಿತೆಂದರೆ ಮನೆಯ ಯಜಮಾನರಿಗೆ ಗಾಬರಿಯಾಗುವುದು ಸಹಜ. ದುರಸ್ತಿಯವನನ್ನು ಕರೆಸುತ್ತಾರೆ. ಆತ ಹತ್ತು ನಿಮಿಷ ನೋಡಿ 'ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ' ಎನ್ನುತ್ತಾನೆ. ಸಂಜೆಯ ಹೊತ್ತಿಗೆ ಕಂಪ್ಯೂಟರ್ ಹೊಸದರಂತೆ ಓಡುತ್ತದೆ. ಲೆಕ್ಕ ಮಾತ್ರ ಇರುವುದಿಲ್ಲ.

ಕೇಂದ್ರ ಜಿಎಸ್‌ಟಿ ಅಧಿನಿಯಮದ 36ನೆಯ ಪ್ರಕರಣದ ಮೇರೆಗೆ ನೋಂದಾಯಿತ ವರ್ತಕನು ತನ್ನ ಲೆಕ್ಕಪತ್ರಗಳನ್ನು ಸಂಬಂಧಪಟ್ಟ ವರ್ಷದ ವಾರ್ಷಿಕ ವಿವರಪಟ್ಟಿಯ ಕೊನೆಯ ದಿನದಿಂದ 72 ತಿಂಗಳುಗಳವರೆಗೆ ಕಾಯ್ದಿರಿಸತಕ್ಕದ್ದು. 'ವಿಂಡೋಸ್ ಅಪ್‌ಡೇಟ್ ಆಗಲಿಲ್ಲ, ಅದಕ್ಕಾಗಿ ಫಾರ್ಮ್ಯಾಟ್ ಮಾಡಿಸಿದೆವು' ಎಂಬ ವಿವರಣೆಗೆ ಆ ಪ್ರಕರಣದಲ್ಲಿ ಎಡೆಯಿಲ್ಲ. ವಿಫಲವಾದ ಅಪ್‌ಡೇಟ್ ಬಹುಮಟ್ಟಿಗೆ ಸಣ್ಣ ತೊಂದರೆ. ಅದನ್ನು ದೊಡ್ಡ ನಷ್ಟವಾಗಿ ಪರಿವರ್ತಿಸುವುದು ಅವಸರದ ಚಿಕಿತ್ಸೆ.

ಮೊದಲು ಪುಸ್ತಕ, ಅನಂತರ ಯಂತ್ರ

ಅಪ್‌ಡೇಟ್ ವಿಫಲವಾಯಿತೆಂದು ತಿಳಿದ ಕೂಡಲೇ ಮಾಡಬೇಕಾದ ಮೊದಲ ಕೆಲಸಕ್ಕೂ ವಿಂಡೋಸಿಗೂ ಸಂಬಂಧವಿಲ್ಲ. ಕಂಪ್ಯೂಟರ್ ಇನ್ನೂ ತೆರೆಯುತ್ತಿದ್ದರೆ, ಒಂದು ಹೊರಗಿನ ಹಾರ್ಡ್ ಡಿಸ್ಕನ್ನು ಅಥವಾ ಸಾಕಷ್ಟು ಜಾಗವಿರುವ ಪೆನ್‌ಡ್ರೈವನ್ನು ಜೋಡಿಸಿ ಲೆಕ್ಕದ ದತ್ತಾಂಶವನ್ನು ಅದಕ್ಕೆ ನಕಲು ಮಾಡಿಕೊಳ್ಳಬೇಕು. ಬೆಂಗಳೂರಿನಲ್ಲಿ ಹುಟ್ಟಿ ದೇಶದಾದ್ಯಂತ ಹರಡಿದ ಟ್ಯಾಲಿಯಾಗಲಿ, ಮತ್ತಾವ ಲೆಕ್ಕ ತಂತ್ರಾಂಶವಾಗಲಿ, ಕಂಪನಿಯ ದತ್ತಾಂಶ ಯಾವ ಕಡತಕೋಶದಲ್ಲಿದೆಯೆಂಬುದನ್ನು ಕಂಪನಿ ಆರಿಸುವ ಪರದೆಯಲ್ಲಿಯೋ ಸೆಟ್ಟಿಂಗ್ಸಿನಲ್ಲಿಯೋ ತೋರಿಸುತ್ತದೆ. ಆ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿರುವುದು ಒಳಿತು. ಕಂಪ್ಯೂಟರ್ ತೆರೆಯದಿದ್ದಾಗ ಆ ಚೀಟಿಗೆ ಬೆಲೆ ಬರುತ್ತದೆ. ತಂತ್ರಾಂಶದ ಬ್ಯಾಕಪ್ ಆಜ್ಞೆಯ ಜೊತೆಗೆ ಇಡೀ ಕಡತಕೋಶವನ್ನೂ ನಕಲು ಮಾಡಿಕೊಳ್ಳುವುದು ಕ್ಷೇಮ.

ಡಾಕ್ಯುಮೆಂಟ್ಸ್ ಮತ್ತು ಡೆಸ್ಕ್‌ಟಾಪ್ ಅಲ್ಲದೆ ಡೌನ್‌ಲೋಡ್ಸ್ ಕಡತಕೋಶವನ್ನೂ ಮರೆಯಬಾರದು. ಜಿಎಸ್‌ಟಿ ಜಾಲತಾಣದಿಂದ ಇಳಿಸಿಕೊಂಡ ವಿವರಗಳು, ಬ್ಯಾಂಕಿನ ಲೆಕ್ಕಪಟ್ಟಿಗಳು, ಇ-ವೇ ಬಿಲ್ಲುಗಳು ಬಹಳ ಮಂದಿಯ ಯಂತ್ರದಲ್ಲಿ ಅಲ್ಲಿಯೇ ಬಿದ್ದಿರುತ್ತವೆ. ಡಿಜಿಟಲ್ ಸಹಿಯ ಬಗ್ಗೆ ಅಷ್ಟು ಆತಂಕ ಬೇಡ. ಟೋಕನ್ನಿನಲ್ಲಿರುವ ಸಹಿ ಟೋಕನ್ನಿನಲ್ಲಿಯೇ ಉಳಿಯುತ್ತದೆ. ವಿಂಡೋಸ್ ಬದಲಾದರೆ ಅದರ ಚಾಲಕ ತಂತ್ರಾಂಶವನ್ನು ಮತ್ತೆ ಸ್ಥಾಪಿಸಿದರೆ ಸಾಕು.

ಇದಕ್ಕಿಂತ ಹೆಚ್ಚು ಗಮನ ಬೇಡುವ ಒಂದು ಅಂಶವಿದೆ. ಇತ್ತೀಚಿನ ವರ್ಷಗಳ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿನಲ್ಲಿರುವ ಮಾಹಿತಿಯು ಬಿಟ್‌ಲಾಕರ್ ಎಂಬ ವ್ಯವಸ್ಥೆಯಿಂದ ಗೂಢಲಿಪಿಯಲ್ಲಿ ಬೀಗ ಹಾಕಲ್ಪಟ್ಟಿರುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಯಂತ್ರವನ್ನು ಮೊದಲ ಬಾರಿ ಅಣಿಗೊಳಿಸುವಾಗ ಈ ಬೀಗ ತಾನಾಗಿಯೇ ಬೀಳುತ್ತದೆ. ಮಾಲೀಕರಿಗೆ ಅದರ ಅರಿವೇ ಇರುವುದಿಲ್ಲ. ಬೀಗದ ಕೈ ಎಂದರೆ 48 ಅಂಕೆಗಳ ಒಂದು ಸಂಖ್ಯೆ. ಅಪ್‌ಡೇಟ್ ಎಡವಿದಾಗ ಕಂಪ್ಯೂಟರ್ ಈ ಸಂಖ್ಯೆಯನ್ನು ಕೇಳಿ ನಿಂತುಬಿಡುವುದುಂಟು. 2024ರ ಜುಲೈ ತಿಂಗಳ ತಿದ್ದುಪಡಿಯ ನಂತರ ಕೆಲವು ಯಂತ್ರಗಳು ಹೀಗೆಯೇ ಕೇಳತೊಡಗಿದವೆಂದು ಮೈಕ್ರೋಸಾಫ್ಟ್ ತಾನೇ ಒಪ್ಪಿಕೊಂಡು ಆಗಸ್ಟಿನಲ್ಲಿ ಅದನ್ನು ಸರಿಪಡಿಸಿತು. ಆ ಸಂಖ್ಯೆ ದೊರೆಯುವುದು ಯಂತ್ರವನ್ನು ಅಣಿಗೊಳಿಸಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿ. ಆದರೆ ಅಣಿಗೊಳಿಸಿದವರು ಯಾರು? ಮಾರಾಟದ ಮಳಿಗೆಯ ಹುಡುಗ ತನ್ನ ಇಮೇಲ್ ಹಾಕಿ ಯಂತ್ರವನ್ನು ತಯಾರುಮಾಡಿ ಕೊಟ್ಟಿದ್ದರೆ, ವ್ಯಾಪಾರದ ತಿಜೋರಿಯ ಕೀಲಿ ಆತನ ಖಾತೆಯಲ್ಲಿರುತ್ತದೆ. ಎರಡು ವರ್ಷದ ನಂತರ ಆತ ಬೇರೆ ಊರಿನಲ್ಲಿರಬಹುದು. ಸೆಟ್ಟಿಂಗ್ಸ್‌ನಲ್ಲಿ ಯಾವ ಖಾತೆಯಿದೆಯೆಂಬುದನ್ನು ಇಂದೇ ನೋಡಿ, 48 ಅಂಕೆಗಳನ್ನು ಮುದ್ರಿಸಿ, ವಿಮಾ ಪತ್ರಗಳೊಡನೆ ಇಡುವುದಕ್ಕೆ ಅರ್ಧ ಗಂಟೆ ಸಾಕು.

ಕಂಪ್ಯೂಟರ್ ತೆರೆಯುತ್ತಲೇ ಇಲ್ಲವೆಂದರೂ ದತ್ತಾಂಶ ಹೋಯಿತೆಂದು ಅರ್ಥವಲ್ಲ. ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಪೆಟ್ಟಿಗೆಯೊಂದಕ್ಕೆ ಹಾಕಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ, ಬೀಗದ ಸಂಖ್ಯೆ ಕೈಯಲ್ಲಿದ್ದ ಪಕ್ಷದಲ್ಲಿ, ಕಡತಗಳನ್ನು ಎತ್ತಿಕೊಳ್ಳಬಹುದು. ದುರಸ್ತಿಯವನಿಗೆ ಮೊದಲು ಹೇಳಬೇಕಾದ ಮಾತು ಇದು: ಡಿಸ್ಕಿನ ನಕಲು ಕೈಗೆ ಬರುವವರೆಗೆ ಬೇರೇನನ್ನೂ ಮುಟ್ಟಬಾರದು.

ಸಂಕೇತ ಸಂಖ್ಯೆ ಹೇಳುವುದೇನು?

ವಿಫಲವಾದ ಪ್ರತಿಯೊಂದು ಅಪ್‌ಡೇಟ್‌ಗೂ ವಿಂಡೋಸ್ ಒಂದು ಸಂಕೇತ ಸಂಖ್ಯೆಯನ್ನು ಬರೆದಿಡುತ್ತದೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ 'ಅಪ್‌ಡೇಟ್ ಹಿಸ್ಟರಿ' ಎಂಬಲ್ಲಿ ಅದು ಸಿಗುತ್ತದೆ. ಸೊನ್ನೆ ಮತ್ತು ಎಕ್ಸ್ ಅಕ್ಷರದಿಂದ ಆರಂಭವಾಗುವ ಈ ಸಂಖ್ಯೆಯನ್ನು ನೋಡಿ ಹೆದರುವವರೇ ಹೆಚ್ಚು; ಓದಿಕೊಳ್ಳುವವರು ಕಡಿಮೆ. ಬ್ಯಾಂಕಿನಿಂದ ಚೆಕ್ಕು ಹಿಂದಿರುಗಿದಾಗ ಜೊತೆಯಲ್ಲಿ ಬರುವ ಕಾರಣದ ಚೀಟಿಯನ್ನು ಯಾವ ವರ್ತಕನೂ ಓದದೆ ಎಸೆಯುವುದಿಲ್ಲ. 'ಹಣ ಸಾಲದು' ಎಂಬುದಕ್ಕೂ 'ಸಹಿ ಹೊಂದುವುದಿಲ್ಲ' ಎಂಬುದಕ್ಕೂ ಇರುವ ವ್ಯತ್ಯಾಸ ಅವನಿಗೆ ಚೆನ್ನಾಗಿ ಗೊತ್ತು. ಇಲ್ಲಿಯೂ ಅಷ್ಟೇ ವ್ಯತ್ಯಾಸವಿದೆ.

ಮುಂದಿನ ಎಕ್ಸ್ ಅಕ್ಷರವನ್ನು ಬಿಟ್ಟು ಉಳಿದ ಅಂಕೆಗಳನ್ನು ನೋಡಿದರೆ, 80070070 ಎಂದರೆ ಡಿಸ್ಕಿನಲ್ಲಿ ಜಾಗವಿಲ್ಲ. 80070005 ಎಂದರೆ ಅನುಮತಿ ನಿರಾಕರಣೆ. ಹೊರಗಿನ ಆ್ಯಂಟಿವೈರಸ್ ತಂತ್ರಾಂಶವು ಅಡ್ಡ ನಿಂತಿರುವ ಸಂಭವವುಂಟು. 80072ಇಇ2 ಎಂದರೆ ಅಂತರಜಾಲದ ಸಂಪರ್ಕ ಸಕಾಲದಲ್ಲಿ ಉತ್ತರ ಕೊಡಲಿಲ್ಲ. 80073712 ಮತ್ತು 800ಎಫ್081ಎಫ್ ಎಂದರೆ ವಿಂಡೋಸಿನ ಸ್ವಂತ ಉಗ್ರಾಣದಲ್ಲಿಯೇ ಕೆಲವು ಕಡತಗಳು ಹಾಳಾಗಿವೆ ಅಥವಾ ಕಾಣೆಯಾಗಿವೆ. ಸಿ1900101 ಎಂದು ಆರಂಭವಾದರೆ, ಆವೃತ್ತಿಯನ್ನೇ ಬದಲಿಸುವ ದೊಡ್ಡ ಅಪ್‌ಡೇಟ್ ಯಾವುದೋ ಉಪಕರಣದ ಚಾಲಕ ತಂತ್ರಾಂಶಕ್ಕೆ ತಾಗಿ ಹಿಮ್ಮೆಟ್ಟಿದೆ ಎಂದು ಊಹಿಸಬಹುದು; ಹಳೆಯ ಮುದ್ರಕ, ಬಾರ್‌ಕೋಡ್ ಯಂತ್ರ, ಯುಎಸ್‌ಬಿ ಟೋಕನ್ ಇತ್ಯಾದಿಗಳನ್ನು ಕಳಚಿಟ್ಟು ಮತ್ತೊಮ್ಮೆ ಪ್ರಯತ್ನಿಸತಕ್ಕದ್ದು.

80072ಎಫ್8ಎಫ್ ಎಂಬ ಸಂಖ್ಯೆಯ ಬಗ್ಗೆ ಎರಡು ಮಾತು ಹೆಚ್ಚಾಗಿ ಹೇಳಬೇಕು. ಏಳೆಂಟು ವರ್ಷ ಹಳೆಯದಾದ ಡೆಸ್ಕ್‌ಟಾಪ್‌ಗಳಲ್ಲಿ ಇದು ಕಾಣಿಸಿಕೊಂಡರೆ ಕಾರಣ ಬಹುಶಃ ಕಂಪ್ಯೂಟರಿನ ಗಡಿಯಾರ. ವಿದ್ಯುತ್ ಇಲ್ಲದಾಗಲೂ ದಿನಾಂಕವನ್ನು ನೆನಪಿಡುವುದಕ್ಕೆ ಮದರ್‌ಬೋರ್ಡಿನ ಮೇಲೆ ನಾಣ್ಯದಾಕಾರದ ಒಂದು ಚಿಕ್ಕ ಬ್ಯಾಟರಿಯಿದೆ; ಸಿಆರ್ 2032 ಎಂಬ ಈ ಬ್ಯಾಟರಿ ಗಡಿಯಾರದ ಅಂಗಡಿಯಲ್ಲಿಯೂ ದೊರೆಯುತ್ತದೆ. ಅದು ಸತ್ತರೆ, ವಿದ್ಯುತ್ ಹೋಗಿ ಬಂದಾಗಲೆಲ್ಲ ಯಂತ್ರವು ಹಲವು ವರ್ಷ ಹಿಂದಿನ ದಿನಾಂಕಕ್ಕೆ ಸರಿಯುತ್ತದೆ. ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಗಳಿಗೆ ಅವಧಿಯಿರುವುದರಿಂದ, ತಪ್ಪು ದಿನಾಂಕದ ಕಂಪ್ಯೂಟರಿಗೆ ಅವೆಲ್ಲವೂ ಅಮಾನ್ಯವಾಗಿ ಕಾಣುತ್ತವೆ. ಅಪ್‌ಡೇಟ್ ಬರುವುದಿಲ್ಲ, ಬ್ಯಾಂಕಿನ ತಾಣ ತೆರೆಯುವುದಿಲ್ಲ, ಜಿಎಸ್‌ಟಿ ತಾಣ ತೆರೆಯುವುದಿಲ್ಲ. 'ಸರ್ವರ್ ಡೌನ್' ಎಂದು ಸರ್ಕಾರವನ್ನು ದೂರುತ್ತ ಎರಡು ದಿನ ಕಳೆಯುವವರು ಪರದೆಯ ಬಲ ಮೂಲೆಯ ದಿನಾಂಕವನ್ನು ಒಮ್ಮೆ ನೋಡುವುದು ಮೇಲು. ಬಿಲ್ಲುಗಳ ಮೇಲೆ ತಪ್ಪು ದಿನಾಂಕ ಬೀಳುವ ಅಪಾಯವೂ ಇದರೊಂದಿಗೆ ಇದ್ದೇ ಇದೆ.

ಅಗ್ಗದ ಉಪಾಯದಿಂದ ದುಬಾರಿ ಉಪಾಯದೆಡೆಗೆ

ಸಂಕೇತ ಸಂಖ್ಯೆ ಏನೇ ಇರಲಿ, ಮೊದಲ ಉಪಾಯ ರೀಸ್ಟಾರ್ಟ್. ಇದು ಹಾಸ್ಯವಲ್ಲ. ವಿಂಡೋಸ್ 10 ಮತ್ತು 11ರಲ್ಲಿ 'ಷಟ್ ಡೌನ್' ಮಾಡಿದರೆ ಯಂತ್ರವು ಪೂರ್ಣವಾಗಿ ಮುಚ್ಚುವುದಿಲ್ಲ. ಬೇಗ ತೆರೆಯುವ ಅನುಕೂಲಕ್ಕಾಗಿ ವ್ಯವಸ್ಥೆಯ ತಿರುಳನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. 'ರೀಸ್ಟಾರ್ಟ್' ಮಾತ್ರ ಎಲ್ಲವನ್ನೂ ಹೊಸದಾಗಿ ಆರಂಭಿಸುತ್ತದೆ. ಪ್ರತಿ ರಾತ್ರಿಯೂ ಷಟ್ ಡೌನ್ ಮಾಡುವ ಶಿಸ್ತಿನ ಮನುಷ್ಯನ ಕಂಪ್ಯೂಟರ್ ವಾರಗಟ್ಟಲೆ ನಿಜವಾದ ಮರುಆರಂಭವನ್ನೇ ಕಂಡಿರದಿರಬಹುದು.

ಎರಡನೆಯದು ಜಾಗ. ಮಾಸಿಕ ತಿದ್ದುಪಡಿಗೆ ಕೆಲವು ಜಿಬಿ ಬೇಕು; ಆವೃತ್ತಿ ಬದಲಾವಣೆಗೆ ಸಿ ಡ್ರೈವಿನಲ್ಲಿ ಸುಮಾರು 20 ಜಿಬಿ ಖಾಲಿಯಿದ್ದರೆ ನಿರಾಳ. ತಾತ್ಕಾಲಿಕ ಕಡತಗಳನ್ನು ಅಳಿಸುವ ಸೌಲಭ್ಯ ಸೆಟ್ಟಿಂಗ್ಸ್‌ನ ಸ್ಟೋರೇಜ್ ಪುಟದಲ್ಲಿದೆ. ಆದರೆ ಆ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಎಂಬ ಸಾಲೂ ಇರುತ್ತದೆ. ಮೇಲೆ ಹೇಳಿದ ಬ್ಯಾಂಕ್ ಲೆಕ್ಕಪಟ್ಟಿಗಳ ಗತಿ ಏನಾಗಬಹುದೆಂಬುದನ್ನು ನೆನೆದು ಆ ಚೌಕಕ್ಕೆ ಗುರುತು ಹಾಕದಿರುವುದು ಲೇಸು.

ಮೊಬೈಲಿನ ಹಾಟ್‌ಸ್ಪಾಟಿನಿಂದ ಅಂತರಜಾಲ ಪಡೆಯುವ ಮನೆಗಳಲ್ಲಿ ಆ ಸಂಪರ್ಕವು 'ಮೀಟರ್ಡ್' ಎಂದು ಗುರುತಾಗಿದ್ದರೆ ವಿಂಡೋಸ್ ತಾನಾಗಿ ಅಪ್‌ಡೇಟ್‌ಗಳನ್ನು ಇಳಿಸಿಕೊಳ್ಳುವುದಿಲ್ಲ. ಇದನ್ನು ವೈಫಲ್ಯವೆಂದು ಭಾವಿಸುವವರುಂಟು.

ಇಷ್ಟಾದರೂ ಪ್ರಯೋಜನವಾಗದಿದ್ದರೆ ವಿಂಡೋಸಿನಲ್ಲಿಯೇ ಇರುವ ಅಪ್‌ಡೇಟ್ ಟ್ರಬಲ್‌ಶೂಟರ್ ಓಡಿಸಬಹುದು. ಅನಂತರ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ ತೆರೆದು ಎರಡು ಪರೀಕ್ಷೆಗಳನ್ನು ನಡೆಸುವ ವಾಡಿಕೆಯಿದೆ. ಡಿಐಎಸ್‌ಎಂ ಎಂಬುದರ 'ರಿಸ್ಟೋರ್‌ಹೆಲ್ತ್' ಆಜ್ಞೆಯು ವಿಂಡೋಸಿನ ಉಗ್ರಾಣವನ್ನು ಅಂತರಜಾಲದ ನೆರವಿನಿಂದ ದುರಸ್ತಿಗೊಳಿಸುತ್ತದೆ. ಎಸ್‌ಎಫ್‌ಸಿ ಎಂಬುದರ 'ಸ್ಕ್ಯಾನ್‌ನೌ' ಆಜ್ಞೆಯು ಆ ಉಗ್ರಾಣದಿಂದ ಒಳ್ಳೆಯ ಕಡತಗಳನ್ನು ತಂದು ಹಾಳಾದವುಗಳ ಜಾಗದಲ್ಲಿಡುತ್ತದೆ. ಉಗ್ರಾಣವೇ ಕೆಟ್ಟಿರುವಾಗ ಅಲ್ಲಿಂದ ಸಾಮಾನು ತಂದರೆ ಫಲವಿಲ್ಲವಾದುದರಿಂದ ಇದೇ ಕ್ರಮದಲ್ಲಿ ಮಾಡತಕ್ಕದ್ದು. ಹಳೆಯ ಹಾರ್ಡ್ ಡಿಸ್ಕಿನ ಯಂತ್ರದಲ್ಲಿ ಇವು ಒಂದೇ ಅಂಕೆಯ ಮೇಲೆ ಬಹಳ ಹೊತ್ತು ನಿಂತಂತೆ ಕಾಣಬಹುದು, ತಾಳ್ಮೆ ಬೇಕು.

ಅರ್ಧಂಬರ್ಧ ಇಳಿದ ಅಪ್‌ಡೇಟ್ ಕಡತಗಳು ವಿಂಡೋಸ್ ಕಡತಕೋಶದೊಳಗಿನ 'ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್' ಎಂಬಲ್ಲಿ ಕುಳಿತು ಪ್ರತಿ ಬಾರಿಯೂ ಅದೇ ತಪ್ಪನ್ನು ಮರುಕಳಿಸುವುದುಂಟು. ಅಪ್‌ಡೇಟ್ ಸೇವೆಯನ್ನೂ ಅದರ ಜೊತೆಯ ಬಿಟ್ಸ್ ಸೇವೆಯನ್ನೂ ನಿಲ್ಲಿಸಿ, ಆ ಕಡತಕೋಶದ ಹೆಸರನ್ನು ಬದಲಿಸಿ, ಸೇವೆಗಳನ್ನು ಮತ್ತೆ ಆರಂಭಿಸಿದರೆ ವಿಂಡೋಸ್ ಹೊಸದಾಗಿ ಇನ್ನೊಂದನ್ನು ಕಟ್ಟಿಕೊಳ್ಳುತ್ತದೆ. ಲೆಕ್ಕದ ದತ್ತಾಂಶಕ್ಕೂ ಇದಕ್ಕೂ ಸಂಬಂಧವಿಲ್ಲ. ಬೇಕಾದ ತಿದ್ದುಪಡಿಯನ್ನು ಅದರ ಕೆಬಿ ಸಂಖ್ಯೆಯ ಮೂಲಕ ಮೈಕ್ರೋಸಾಫ್ಟಿನ ಅಪ್‌ಡೇಟ್ ಕ್ಯಾಟಲಾಗಿನಿಂದ ನೇರವಾಗಿ ಇಳಿಸಿಕೊಳ್ಳಲೂಬಹುದು.

ಫಾರ್ಮ್ಯಾಟಿಗೆ ಮುನ್ನ ಇನ್ನೂ ಒಂದು ಮೆಟ್ಟಿಲಿದೆ. ದುರಸ್ತಿಯವರು ಸಾಮಾನ್ಯವಾಗಿ ಅದನ್ನು ಹೇಳುವುದಿಲ್ಲ, ಏಕೆಂದರೆ ಅದಕ್ಕೆ ಎರಡು ಮೂರು ಗಂಟೆ ಹಿಡಿಯಬಹುದು. ವಿಂಡೋಸ್ ತೆರೆದಿರುವಾಗಲೇ ಅದರ ಸ್ಥಾಪನಾ ಕಡತವನ್ನು ಓಡಿಸಿ, 'ವೈಯಕ್ತಿಕ ಕಡತಗಳನ್ನೂ ಆ್ಯಪ್‌ಗಳನ್ನೂ ಉಳಿಸಿಕೊಳ್ಳು' ಎಂಬ ಆಯ್ಕೆಯನ್ನು ಆರಿಸಿದರೆ, ವಿಂಡೋಸ್ ಮಾತ್ರ ಹೊಸದಾಗುತ್ತದೆ. ಲೆಕ್ಕ ತಂತ್ರಾಂಶ, ದತ್ತಾಂಶ, ಮುದ್ರಕ ಎಲ್ಲವೂ ಇದ್ದಲ್ಲಿಯೇ ಇರುತ್ತವೆ. ವಿಂಡೋಸ್ 11ರ ಇತ್ತೀಚಿನ ಆವೃತ್ತಿಗಳಲ್ಲಿ ರಿಕವರಿ ಪುಟದಲ್ಲಿ ಇದಕ್ಕೆಂದೇ ಒಂದು ಗುಂಡಿಯಿದೆ. ಇದನ್ನು 'ರೀಸೆಟ್ ದಿಸ್ ಪಿಸಿ' ಎಂಬ ಇನ್ನೊಂದು ಗುಂಡಿಯೊಡನೆ ಬೆರೆಸಬಾರದು. ರೀಸೆಟ್‌ನಲ್ಲಿ 'ಕಡತಗಳನ್ನು ಉಳಿಸು' ಎಂದು ಆರಿಸಿದರೂ ಸ್ಥಾಪಿಸಿದ ತಂತ್ರಾಂಶಗಳು ಅಳಿದುಹೋಗುತ್ತವೆ. ಅಲ್ಲದೆ ಹಳೆಯ ಲೆಕ್ಕ ತಂತ್ರಾಂಶಗಳು ದತ್ತಾಂಶವನ್ನು ಬಳಕೆದಾರರ ಕಡತಕೋಶದಲ್ಲಿಡದೆ ತಮ್ಮದೇ ಕಡತಕೋಶದಲ್ಲಿ ಇಟ್ಟಿದ್ದರೆ, ವಿಂಡೋಸ್ ಅದನ್ನು 'ವೈಯಕ್ತಿಕ ಕಡತ' ಎಂದು ಗಣಿಸುವುದೆಂಬ ಭರವಸೆಯಿಲ್ಲ.

ಈ ಎಲ್ಲ ಕ್ರಮಗಳ ನಡುವೆ ವಿದ್ಯುತ್ ಹೋಗಬಾರದು. ಡೆಸ್ಕ್‌ಟಾಪ್‌ಗಳ ಸಾಮಾನ್ಯ ಯುಪಿಎಸ್ ಕಡತ ಉಳಿಸಿ ಯಂತ್ರ ಮುಚ್ಚುವಷ್ಟು ಹೊತ್ತು ಮಾತ್ರ ನಿಲ್ಲುವಂಥದು. ಅಪ್‌ಡೇಟಿನ ಅವಧಿಯನ್ನೆಲ್ಲ ಅದು ತುಂಬಲಾರದು. 'ಯಂತ್ರವನ್ನು ನಿಲ್ಲಿಸಬೇಡಿ' ಎಂಬ ಪರದೆಯ ಮೇಲೆ ಶೇಕಡಾ ಅಂಕೆ ಕದಲದಿದ್ದರೂ ಡಿಸ್ಕಿನ ದೀಪ ಮಿನುಗುತ್ತಿದ್ದರೆ ಎರಡು ಮೂರು ಗಂಟೆ ಕಾಯಬೇಕು. ಡಿಸ್ಕಿನಿಂದ ಟಕಟಕ ಸದ್ದು ಕೇಳಿಬಂದರೆ ಮಾತ್ರ ಬೇರೆ ವಿಷಯ. ಅಂತಹ ಡಿಸ್ಕಿನ ಮೇಲೆ ಯಾವ ದುರಸ್ತಿ ಆಜ್ಞೆಯನ್ನೂ ಓಡಿಸಬಾರದು. ಮೊದಲು ನಕಲು, ಅನಂತರ ಹೊಸ ಡಿಸ್ಕ್.

ಪರವಾನಗಿಯಿಲ್ಲದ ವಿಂಡೋಸ್ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. 'ಲೈಟ್' ಎಂಬ ಹೆಸರಿನಲ್ಲಿ ಕೆಲವು ಭಾಗಗಳನ್ನು ಕತ್ತರಿಸಿ ಹಂಚುವ ಪ್ರತಿಗಳಲ್ಲಿ ಅಪ್‌ಡೇಟ್ ವ್ಯವಸ್ಥೆಯನ್ನೇ ನಿಷ್ಕ್ರಿಯಗೊಳಿಸಿರುವುದು ಸಾಮಾನ್ಯ. ಅಂತಹ ಯಂತ್ರದಲ್ಲಿ ಮೇಲಿನ ಯಾವ ಉಪಾಯವೂ ನಡೆಯುವುದಿಲ್ಲ. ಡಿಜಿಟಲ್ ಸಹಿಯನ್ನೂ ಬ್ಯಾಂಕ್ ಖಾತೆಯನ್ನೂ ಯಾರೋ ಅಪರಿಚಿತರು ತಿದ್ದಿದ ವ್ಯವಸ್ಥೆಯೊಳಗೆ ತೆರೆಯುವುದು ವ್ಯಾಪಾರಿಗೆ ತಕ್ಕ ವಿವೇಕವಲ್ಲ.

ತಪ್ಪು ಯಂತ್ರದ್ದಲ್ಲದಿದ್ದಾಗ

2024ರ ಜನವರಿ 9ರಂದು ವಿಂಡೋಸ್ 10ಕ್ಕೆ ಕೆಬಿ 5034441 ಎಂಬ ತಿದ್ದುಪಡಿ ಬಂದಿತು. ಬಿಟ್‌ಲಾಕರ್ ಬೀಗವನ್ನು ರಿಕವರಿ ವಿಭಾಗದ ಮೂಲಕ ತಪ್ಪಿಸಿ ಒಳನುಗ್ಗುವ ದೋಷವೊಂದನ್ನು ಮುಚ್ಚುವುದು ಅದರ ಉದ್ದೇಶ. ಆದರೆ ಅಸಂಖ್ಯಾತ ಯಂತ್ರಗಳಲ್ಲಿ ಅದು 80070643 ಎಂಬ ಸಂಕೇತದೊಡನೆ ವಿಫಲವಾಯಿತು. ಆ ಸಂಕೇತದ ಅರ್ಥ 'ಸ್ಥಾಪನೆಯಲ್ಲಿ ಮಾರಕ ದೋಷ' ಎಂದಷ್ಟೇ. ನಿಜವಾದ ಕಾರಣ ಅದರಲ್ಲಿ ಇರಲಿಲ್ಲ. ಡಿಸ್ಕಿನ ಮರೆಯಲ್ಲಿರುವ ರಿಕವರಿ ವಿಭಾಗದಲ್ಲಿ 250 ಎಂಬಿ ಖಾಲಿ ಜಾಗ ಬೇಕಾಗಿತ್ತು. ವಿಂಡೋಸ್ ಸ್ಥಾಪನೆಯ ವೇಳೆ ಆ ವಿಭಾಗವನ್ನು ಅಷ್ಟು ದೊಡ್ಡದಾಗಿ ಮಾಡಿಯೇ ಇರಲಿಲ್ಲ. ಡಿಸ್ಕಿನ ವಿಭಾಗಗಳನ್ನು ಕೈಯಾರೆ ಕುಗ್ಗಿಸಿ ಹಿಗ್ಗಿಸುವ ವಿಧಾನವನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು. ತಾನಾಗಿ ಸರಿಪಡಿಸುವ ಪರಿಹಾರ ಬರುವುದಿಲ್ಲವೆಂದು ಕೆಲವು ತಿಂಗಳ ನಂತರ ಹೇಳಿತು.

ಮಾಲೀಕರು ಏನೂ ತಪ್ಪು ಮಾಡಿರಲಿಲ್ಲ. ಟ್ರಬಲ್‌ಶೂಟರ್ ಓಡಿಸಿದವರಿಗೂ ಎಸ್‌ಎಫ್‌ಸಿ ಓಡಿಸಿದವರಿಗೂ ಅದು ಸರಿಹೋಗಲಿಲ್ಲ, ಸರಿಹೋಗುವಂತೆಯೂ ಇರಲಿಲ್ಲ. ಇಂತಹ ಸಂದರ್ಭದಲ್ಲಿ ಒಂದೇ ಕೆಬಿ ಸಂಖ್ಯೆ ಇತರರಿಗೂ ಕೈಕೊಟ್ಟಿದೆಯೇ ಎಂಬುದನ್ನು ಮೈಕ್ರೋಸಾಫ್ಟಿನ 'ತಿಳಿದಿರುವ ತೊಂದರೆಗಳು' ಪುಟದಲ್ಲಿ ನೋಡಿ, ಹೌದಾದರೆ ಸುಮ್ಮನಿರುವುದೇ ಸರಿಯಾದ ಕ್ರಮ. ಸಾಲಗಾರರ ಬಾಕಿಯಿರುವ ಡಿಸ್ಕಿನ ವಿಭಾಗಗಳನ್ನು ಕತ್ತರಿಸುವ ಸಾಹಸ, ಪೂರ್ಣ ನಕಲು ಕೈಯಲ್ಲಿ ಇಲ್ಲದೆ, ಒಂದು ಕೆಂಪಕ್ಷರದ ಸಾಲನ್ನು ಅಳಿಸುವುದಕ್ಕಾಗಿ ಮಾಡುವಂಥದಲ್ಲ.

ಅಪ್‌ಡೇಟ್ ಯಶಸ್ವಿಯಾಗಿ ಸ್ಥಾಪನೆಯಾಗಿಯೂ ತೊಂದರೆ ಕೊಟ್ಟ ನಿದರ್ಶನಗಳಿವೆ. 2021ರ ಮಾರ್ಚ್ 9ರ ತಿದ್ದುಪಡಿಯ ನಂತರ ಕೆಲವು ಕಂಪನಿಗಳ ಮುದ್ರಕಗಳಿಗೆ ಮುದ್ರಣದ ಆಜ್ಞೆ ಕೊಟ್ಟೊಡನೆ ಪರದೆ ನೀಲಿಯಾಗಿ ಕಂಪ್ಯೂಟರ್ ಕುಸಿಯುತ್ತಿತ್ತು. ಮಾರ್ಚ್ 15ರಿಂದ ಅದಕ್ಕೆ ತಿದ್ದುಪಡಿಗಳು ಬಂದವು. 2018ರ ಅಕ್ಟೋಬರ್ 2ರಂದು ಬಿಡುಗಡೆಯಾದ ವಿಂಡೋಸ್ 10ರ ಆವೃತ್ತಿಯು ಕೆಲವರ ಡಾಕ್ಯುಮೆಂಟ್ಸ್ ಮುಂತಾದ ಕಡತಕೋಶಗಳನ್ನೇ ಅಳಿಸಿಹಾಕಿತು. ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದು, ನವೆಂಬರ್ 13ರಂದು ಮತ್ತೆ ಬಿಡುಗಡೆ ಮಾಡಲಾಯಿತು. ಆ ಮೊದಲ ವಾರ ಕಾದವರಿಗೆ ಏನೂ ಆಗಲಿಲ್ಲ.

ಹಾಗೆಂದು ಅಪ್‌ಡೇಟ್‌ಗಳನ್ನೇ ನಿಲ್ಲಿಸಿಬಿಡುವುದು ಇನ್ನೂ ಕೆಟ್ಟ ಲೆಕ್ಕಾಚಾರ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಒಂದು ಭದ್ರತಾ ತಿದ್ದುಪಡಿಯನ್ನು ನೀಡಿತ್ತು. ಅದೇ ದೋಷವನ್ನು ಬಳಸಿಕೊಂಡ ವಾನ್ನಾಕ್ರೈ ಎಂಬ ದಾಳಿ ಮೇ 12ರಂದು ಜಗತ್ತಿನಾದ್ಯಂತ ಹರಡಿ, ಕಡತಗಳಿಗೆ ಬೀಗ ಹಾಕಿ, 300 ಡಾಲರುಗಳನ್ನು ಬಿಟ್‌ಕಾಯಿನಿನಲ್ಲಿ ಕೇಳಿತು. ನಡುವಿನ ಅಂತರ 59 ದಿನ. ತಿದ್ದುಪಡಿಗೆ ಹೊಂಚಿ ಕಾದ ಏಳು ದಿನಗಳು ಎಚ್ಚರಿಕೆ. ಮುಂದೂಡುತ್ತ ಹೋದ 59 ದಿನಗಳು ನಿರ್ಲಕ್ಷ್ಯ. ಈ ಎರಡರ ನಡುವೆ ವರ್ತಕನಿಗೆ ಸಾಕಷ್ಟು ಅವಕಾಶವಿದೆ.

ಅವಕಾಶವನ್ನು ಬಳಸಿಕೊಳ್ಳಲು ವಿಂಡೋಸಿನಲ್ಲಿಯೇ 'ಪಾಸ್ ಅಪ್‌ಡೇಟ್ಸ್' ಎಂಬ ಸೌಲಭ್ಯವಿದೆ. ಐದು ವಾರಗಳವರೆಗೆ ತಡೆಹಿಡಿಯಬಹುದು. ತಿಂಗಳ 7ನೆಯ ತಾರೀಖಿನಂದು ಎರಡು ವಾರಗಳ ತಡೆ ಹಾಕಿ, 20ರಂದು 3ಬಿ ಸಲ್ಲಿಸಿ, 21ರ ಸಂಜೆ ಬ್ಯಾಕಪ್ ತೆಗೆದು, ಆ ರಾತ್ರಿ ಅಪ್‌ಡೇಟ್ ಮಾಡುವ ಕ್ರಮ ಮಾಸಿಕ ವಿವರಪಟ್ಟಿಯವರಿಗೆ ಹೊಂದುತ್ತದೆ. ಕರ್ನಾಟಕದ ತ್ರೈಮಾಸಿಕ ಯೋಜನೆಯವರಿಗೆ 3ಬಿಯ ಕೊನೆಯ ದಿನ 22 ಆದುದರಿಂದ ತ್ರೈಮಾಸಿಕದ ನಂತರದ ತಿಂಗಳಲ್ಲಿ ಎರಡು ದಿನ ಮುಂದಕ್ಕೆ ಹಾಕಿಕೊಂಡರಾಯಿತು. ವಿವರಪಟ್ಟಿ ತಡವಾದರೆ ದಿನಕ್ಕೆ 50 ರೂಪಾಯಿ, ಶೂನ್ಯ ವಿವರಪಟ್ಟಿಗೆ 20 ರೂಪಾಯಿ ವಿಳಂಬ ಶುಲ್ಕ. ಕಟ್ಟಬೇಕಾದ ತೆರಿಗೆಯ ಮೇಲೆ ವಾರ್ಷಿಕ ಶೇಕಡಾ 18 ಬಡ್ಡಿ. ಇವು ಕಣ್ಣಿಗೆ ಕಾಣುವ ನಷ್ಟ. ಜಿಎಸ್‌ಟಿಆರ್-1 ತಪ್ಪಿದರೆ ಖರೀದಿದಾರನ 2ಬಿಯಲ್ಲಿ ಆ ತಿಂಗಳು ಬಿಲ್ಲು ಕಾಣುವುದಿಲ್ಲ, ಅವನ ಹೂಡುವಳಿ ತೆರಿಗೆ ಜಮೆ ಮುಂದಕ್ಕೆ ಹೋಗುತ್ತದೆ, ಅವನು ತೆರಿಗೆಯ ಮೊತ್ತವನ್ನು ಹಿಡಿದಿಟ್ಟುಕೊಂಡು ಉಳಿದುದನ್ನು ಮಾತ್ರ ಪಾವತಿಸುತ್ತಾನೆ. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಪೂರೈಸುವ ಕಿರು ಉದ್ಯಮಿಗೆ ಈ ನಷ್ಟವೇ ಹೆಚ್ಚು ನೋಯುವಂಥದು.

ತಿದ್ದುಪಡಿಯಾದ ಮೇಲೆ ತೊಂದರೆ ಕಂಡರೆ, ಅಪ್‌ಡೇಟ್ ಹಿಸ್ಟರಿಯಲ್ಲಿಯೇ ಅದನ್ನು ತೆಗೆದುಹಾಕುವ ದಾರಿಯಿದೆ. ಆವೃತ್ತಿಯೇ ಬದಲಾಗಿದ್ದರೆ ಹಿಂದಿನದಕ್ಕೆ ಮರಳಲು ಸಾಮಾನ್ಯವಾಗಿ ಹತ್ತು ದಿನಗಳ ಗಡುವು. ಅನಂತರ ಹಳೆಯ ಕಡತಗಳನ್ನು ವಿಂಡೋಸ್ ಅಳಿಸಿಬಿಡುತ್ತದೆ.

ಅವಧಿ ಮುಗಿದ ವಿಂಡೋಸ್ 10

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಮನೆಬಳಕೆದಾರರಿಗಾಗಿ ಪ್ರಕಟವಾದ ವಿಸ್ತೃತ ಭದ್ರತಾ ಯೋಜನೆಯ ಅವಧಿ 2026ರ ಅಕ್ಟೋಬರ್ 13ರವರೆಗೆ. ಅದಕ್ಕೆ ಹೆಸರು ನೋಂದಾಯಿಸಿರಬೇಕು. ನೋಂದಾಯಿಸದ ಯಂತ್ರಕ್ಕೆ ಮಾಸಿಕ ಭದ್ರತಾ ತಿದ್ದುಪಡಿ ಬರದಿರುವುದು ವೈಫಲ್ಯವಲ್ಲ, ಅದರ ಸರದಿ ಮುಗಿದಿದೆ ಎಂದು ತಿಳಿಯಬೇಕು.

ಇಂತಹ ಯಂತ್ರಗಳಲ್ಲಿ ವಿಂಡೋಸ್ 11ಕ್ಕೆ ಏರುವ ಯತ್ನ ವಿಫಲವಾಗುವುದಕ್ಕೆ ಪ್ರಮುಖ ಕಾರಣ ಟಿಪಿಎಂ 2.0 ಎಂಬ ಭದ್ರತಾ ಘಟಕ. ಹಲವು ಕಂಪ್ಯೂಟರುಗಳಲ್ಲಿ ಅದು ಇದ್ದೂ ಬಯಾಸ್ ಸೆಟ್ಟಿಂಗಿನಲ್ಲಿ ಆರಿಸಿಡಲ್ಪಟ್ಟಿರುತ್ತದೆ; ಇಂಟೆಲ್ ಯಂತ್ರಗಳಲ್ಲಿ ಪಿಟಿಟಿ, ಎಎಂಡಿ ಯಂತ್ರಗಳಲ್ಲಿ ಎಫ್‌ಟಿಪಿಎಂ ಎಂಬ ಹೆಸರು. ಅದನ್ನು ಹಚ್ಚಿದರೆ ಸಾಕಾಗಬಹುದು. ಪ್ರೊಸೆಸರ್ ತೀರ ಹಳೆಯದಾಗಿದ್ದರೆ ಅದು ಸಾಗದು. ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ತಂತ್ರಾಂಶ ಐದು ನಿಮಿಷದಲ್ಲಿ ಉತ್ತರ ಕೊಡುತ್ತದೆ.

ಇಲ್ಲಿ ಹಳೆಯ ವರ್ತಕರಿಗೆ ಒಂದು ಪ್ರತ್ಯೇಕ ತೊಡಕಿದೆ. ಡಾಸ್ ಕಾಲದ ಫಾಕ್ಸ್‌ಪ್ರೋದಲ್ಲಿ ಬರೆಸಿಕೊಂಡ ಬಿಲ್ಲಿಂಗ್ ತಂತ್ರಾಂಶವನ್ನು ಇಂದಿಗೂ ಬಿಡದೆ ಬಳಸುತ್ತಿರುವವರಿದ್ದಾರೆ. ಬರೆದುಕೊಟ್ಟವರು ಈಗ ಸಿಗುವುದಿಲ್ಲ, ಆದರೆ ದಲಾಲಿ, ಹಮಾಲಿ, ತೂಕದ ಕಳೆತ ಇವೆಲ್ಲವೂ ಅದರಲ್ಲಿ ಅಂಗಡಿಯ ಪದ್ಧತಿಗೆ ಹೊಂದಿಕೊಂಡಿವೆ. ಇಂತಹ ತಂತ್ರಾಂಶ 32 ಬಿಟ್ ವಿಂಡೋಸ್ 10ರವರೆಗೆ ಹೇಗೋ ನಡೆಯುತ್ತಿತ್ತು. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. 64 ಬಿಟ್ ವಿಂಡೋಸಿನಲ್ಲಿ ಡಾಸ್ ತಂತ್ರಾಂಶಗಳು ನೇರವಾಗಿ ತೆರೆಯುವುದಿಲ್ಲ. 32ರಿಂದ 64ಕ್ಕೆ ಇದ್ದಲ್ಲಿಯೇ ಏರುವ ಮಾರ್ಗವೂ ಇಲ್ಲ, ಹೊಸದಾಗಿ ಸ್ಥಾಪಿಸಬೇಕು. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದೊಳಗೆ ಹಳೆಯ ಬಿಲ್ಲಿಂಗನ್ನು ತೆರೆಯಬಹುದಾದರೂ ಡಾಟ್ ಮ್ಯಾಟ್ರಿಕ್ಸ್ ಮುದ್ರಣವನ್ನು ಅದರಲ್ಲಿ ಹೊಂದಿಸುವುದು ಶ್ರಮದ ಕೆಲಸ. ಆದುದರಿಂದ ಇಂತಹವರು ಹಳೆಯ ಯಂತ್ರವನ್ನು ಅಂತರಜಾಲದಿಂದ ಬಿಡಿಸಿ, ಹಿಂದಿನ ವರ್ಷಗಳ ಲೆಕ್ಕ ನೋಡುವುದಕ್ಕೆಂದು ಪಕ್ಕಕ್ಕೆ ಇರಿಸಿಕೊಂಡು, ಹೊಸ ಲೆಕ್ಕವರ್ಷವನ್ನು ಏಪ್ರಿಲ್ 1ರಿಂದ ಹೊಸ ಯಂತ್ರದಲ್ಲಿ ಹೊಸ ತಂತ್ರಾಂಶದೊಡನೆ ಆರಂಭಿಸುವುದು ಉಚಿತ. ವರ್ಷದ ನಡುವೆ ಬದಲಿಸಿದರೆ ಆರಂಭಿಕ ಶಿಲ್ಕುಗಳನ್ನು ತಾಳೆ ಹಾಕುವುದರಲ್ಲಿಯೇ ತಿಂಗಳು ಕಳೆಯುತ್ತದೆ.

ಹೊಸ ಯಂತ್ರವನ್ನು ಕೊಳ್ಳುವಾಗ ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ನಮೂದಾಗಿರಬೇಕು. ಮನೆ ಮತ್ತು ವ್ಯಾಪಾರ ಎರಡಕ್ಕೂ ಬಳಸುವ ಯಂತ್ರವಾದರೆ 17ನೆಯ ಪ್ರಕರಣದ ಮೇರೆಗೆ ವ್ಯಾಪಾರಕ್ಕೆ ಸಂಬಂಧಿಸಿದ ಭಾಗಕ್ಕೆ ಮಾತ್ರ ತೆರಿಗೆ ಜಮೆ ದೊರೆಯುತ್ತದೆ. ಜಮೆ ಪಡೆದ ತೆರಿಗೆಯ ಮೊತ್ತವನ್ನು ಯಂತ್ರದ ಬೆಲೆಗೆ ಸೇರಿಸಿ ಅದರ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ. ಮಳಿಗೆಯವರು ಯಂತ್ರವನ್ನು ಅಣಿಗೊಳಿಸಿ ಕೊಡುತ್ತೇವೆಂದರೆ, ಇಮೇಲ್ ಕೇಳುವ ಪರದೆ ಬಂದಾಗ ಮಾಲೀಕರು ಎದುರಿಗೆ ಕುಳಿತು ತಮ್ಮದೇ ವಿಳಾಸವನ್ನು ಹಾಕತಕ್ಕದ್ದು.